ಶೆರೆಯ ‘ಲೋಯಿ ಫುಲ್ಲರ್’ 40 × 29 ಸೆಂ.ಮೀ. ಇದ್ದರೆ ಅದು 1893ರದ್ದೇ? ಜೊತೆಗೆ ಒಂದು ಸರ್ಕಸ್ ಪೋಸ್ಟರ್, ಒಂದು ಕೊಲೆಂ

ಹಳೆಹಾಳೆ

ಪ್ಯಾರಿಸ್‌ನ ಮಾರಾಟಗಾರರೊಬ್ಬರ ಪಟ್ಟಿಯಲ್ಲಿ ಮೂರು ಪೋಸ್ಟರ್‌ಗಳಿವೆ. ಮೂರರ ಮೇಲೂ ಅನುಮಾನ. ತಿಳಿದವರು ಸ್ವಲ್ಪ ನೋಡಿ ಹೇಳಬೇಕು.

1) ಫ್ರೆಂಚ್ ಪೋಸ್ಟರ್ ಕಲಾವಿದ ಜೂಲ್ ಶೆರೆ, ಪ್ಯಾರಿಸ್‌ನ ಮನರಂಜನಾ ಮಂದಿರ ಫೋಲಿ ಬೆರ್ಜೇರ್‌ಗಾಗಿ ಮಾಡಿದ, ನರ್ತಕಿ ‘ಲೋಯಿ ಫುಲ್ಲರ್’ಳ ಪೋಸ್ಟರ್. ಅಳತೆ 40 × 29 ಸೆಂ.ಮೀ. ‘1893, ಮೂಲ ಲಿಥೋಗ್ರಾಫ್’ (ಕಲ್ಲಿನ ಮೇಲೆ ಬರೆದು ಒತ್ತುವ ಅಚ್ಚು, ಅಂದರೆ ಕಲ್ಲಚ್ಚು) ಎಂದು ಬರೆದಿದ್ದಾರೆ. ಎಡಗಡೆ ಕೆಳಗಿನ ಅಂಚಿನಲ್ಲಿ ಸಣ್ಣಕ್ಷರದ ಒಂದು ಸಾಲು, ಅದರಲ್ಲಿ 73 ಅನ್ನೋ ಸಂಖ್ಯೆ. ಬಲ ಮೂಲೆಯಲ್ಲಿ ಬಣ್ಣವಿಲ್ಲದ ಉಬ್ಬುಮುದ್ರೆ.

2) ಸರ್ಕಸ್ ಪೋಸ್ಟರ್, ಸುಮಾರು 120 × 85 ಸೆಂ.ಮೀ. ಬಿಳಿ ಕುದುರೆಯ ಮೇಲೆ ನಿಂತ ಹುಡುಗಿ, ಕೆಳಗೆ ಇಬ್ಬರು ಕೋಡಂಗಿಗಳು. ಕಲಾವಿದನ ಹೆಸರಿಲ್ಲ. ಮೇಲೆ ಒಂದು ಅಗಲದ ಪಟ್ಟಿ ಖಾಲಿ. ಕೆಳಗೆ ‘ಅಫಿಶ್ ಅಮೆರಿಕೇನ್, ಶಾ. ಲೆವಿ, 10 ರ್ಯೂ ಮಾರ್ತೆಲ್’ ಅಂತಿದೆ. ಅಮೆರಿಕೇನ್ ಅಂದಮೇಲೆ ಇದು ಫ್ರೆಂಚ್ ಪೋಸ್ಟರ್ ಹೌದೋ ಅಲ್ಲವೋ? ಒಂದು ಮೂಲೆಯಲ್ಲಿ ದುಂಡನೆಯ ಮಸಿ ಮುದ್ರೆ ಬೇರೆ ಇದೆ. ಬಟ್ಟೆಗೆ ಅಂಟಿಸಿದ್ದಾರೆ, ಮಡಿಕೆಯ ಗೆರೆಗಳು ಕಾಣುತ್ತವೆ. ‘ವಾಡೆವಿಲ್ ಪೋಸ್ಟರ್’ ಎಂದು ವಿವರಣೆ.

3) ಪೋಸ್ಟರ್ ಕಲಾವಿದ ಪಾಲ್ ಕೊಲೆಂ, ‘ಲಾ ರೆವ್ಯೂ ನೆಗ್ರ್’ ಎಂಬ ರಂಗಪ್ರದರ್ಶನಕ್ಕೆ ಮಾಡಿದ್ದು. 60 × 40 ಸೆಂ.ಮೀ., ಬಟ್ಟೆ ಅಂಟಿಸಿಲ್ಲ, ಕಾಗದ ಒಳ್ಳೆ ಬೆಳ್ಳಗಿದೆ, ಬೆಲೆ ಅಚ್ಚರಿಯಾಗುವಷ್ಟು ಕಡಿಮೆ.

ಯಾವುದನ್ನು ಬಿಡಬೇಕು, ಯಾವುದಕ್ಕೆ ಇನ್ನಷ್ಟು ಫೋಟೋ ಕೇಳಬೇಕು? ಬಟ್ಟೆಗೆ ಅಂಟಿಸಿರುವುದು ಒಳ್ಳೆಯದೋ ಕೆಟ್ಟದ್ದೋ?

ಅಂಚುಗೆರೆ

ಮೊದಲನೆಯದು ನಕಲಿ ಅಲ್ಲ, ಹಾಗಂತ ಪೋಸ್ಟರೂ ಅಲ್ಲ. ಅದು ‘ಲೆ ಮೇತ್ರ್ ದ ಲಫಿಶ್’ ಮಾಲಿಕೆಯ ಫಲಕ. ಗೋಡೆಯ ಪೋಸ್ಟರ್‌ಗಳ ಹುಚ್ಚು ಹತ್ತಿದ್ದ ಸಂಗ್ರಾಹಕರಿಗಾಗಿಯೇ, ದೊಡ್ಡ ಪೋಸ್ಟರ್‌ಗಳನ್ನು ಪುಟ್ಟ ಹಾಳೆಗೆ ಇಳಿಸಿ, ಪ್ಯಾರಿಸ್‌ನ ಶೇ ಮುದ್ರಣಾಲಯ 1895ರ ಡಿಸೆಂಬರಿನಿಂದ 1900ರ ನವೆಂಬರಿನವರೆಗೆ ತಿಂಗಳಿಗೆ ನಾಲ್ಕರಂತೆ ಹೊರತಂದಿತು. 60 ತಿಂಗಳಿಗೆ 240 ಫಲಕ, ಮೇಲೆ ಚಂದಾದಾರರಿಗೆ ಕೊಟ್ಟ 16, ಒಟ್ಟು 256. ಬಲ ಮೂಲೆಯ ಉಬ್ಬುಮುದ್ರೆ ಆ ಮಾಲಿಕೆಯ ಗುರುತು. ಎಡಗಡೆಯ ಸಾಲಿನಲ್ಲಿರುವುದು ಫಲಕದ ಸಂಖ್ಯೆ.

ಪ್ರತಿ ಸಂಚಿಕೆಯ ಮೊದಲ ಫಲಕ ಶೆರೆಯದೇ: 1, 5, 9, ಹೀಗೆ. ಆ ಲೆಕ್ಕದಲ್ಲಿ 73 ಅಂದರೆ 19ನೆಯ ಸಂಚಿಕೆಯ ಮೊದಲ ಹಾಳೆ, 1897ರ ಜೂನ್. ಆದ್ದರಿಂದ ‘1893’ ಅನ್ನುವುದು ಚಿತ್ರದ ವರ್ಷ, ನಿಮ್ಮ ಮುಂದಿರುವ ಹಾಳೆಯದಲ್ಲ. 1893ರ ದೊಡ್ಡ ಪೋಸ್ಟರ್ ಸುಮಾರು 123 × 87 ಸೆಂ.ಮೀ. ಇರುತ್ತದೆ. ಅದನ್ನು ನಾಲ್ಕು ಬೇರೆ ಬೇರೆ ಬಣ್ಣದ ಜೋಡಣೆಯಲ್ಲಿ ಅಚ್ಚು ಹಾಕಿದ್ದರು, ಲೋಯಿ ಫುಲ್ಲರ್‌ಳ ನೃತ್ಯದಲ್ಲಿ ದೀಪದ ಬಣ್ಣ ಬದಲಾದಂತೆ ಅವಳ ಉಡುಪಿನ ಬಣ್ಣವೂ ಬದಲಾಗುತ್ತಿತ್ತಲ್ಲ, ಹಾಗೆ. ಎರಡರ ಬೆಲೆಗೂ ಅಜಗಜಾಂತರ.

ಎಡವುವುದು ಎಲ್ಲಿ ಅಂದರೆ, ಫಲಕವೂ ಕಲ್ಲಚ್ಚೇ. ಭೂತಗನ್ನಡಿ ಹಿಡಿದರೆ ಅದರಲ್ಲೂ ಅಸಲಿ ಲಿಥೋ ಕಣಗಳೇ ಕಾಣುತ್ತವೆ. ‘ಮೂಲ ಲಿಥೋಗ್ರಾಫ್’ ಎಂಬ ಮಾತು ಆ ಮಟ್ಟಿಗೆ ಸುಳ್ಳಲ್ಲ, ಅದಕ್ಕೇ ಮಾರಾಟಗಾರರು ಅದರ ಹಿಂದೆ ಅಡಗಿಕೊಳ್ಳುವುದು. ಇಲ್ಲಿ ತೀರ್ಮಾನ ಕೊಡುವುದು ಅಳತೆ ಪಟ್ಟಿ, ಭೂತಗನ್ನಡಿಯಲ್ಲ.

ಫಲಕದ ಬೆಲೆಗೆ ಸಿಕ್ಕರೆ ಕೊಳ್ಳಲು ಅಡ್ಡಿಯಿಲ್ಲ. ಕೇಳಬೇಕಾದ್ದು ಎರಡು. ಅಂಚು ಕತ್ತರಿಸಿದ್ದಾರಾ? ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸಿದಾಗ ಉಬ್ಬುಮುದ್ರೆಯ ಅರ್ಧ ಹೋಗಿರುತ್ತದೆ, ಮೌಲ್ಯವೂ ಅದರ ಜೊತೆಗೇ. ಇನ್ನೊಂದು, ರಟ್ಟಿಗೆ ಅಂಟಿಸಿದ್ದಾರಾ ಎಂದು ಹಿಂಬದಿಯ ಫೋಟೋ. ಉಬ್ಬುಮುದ್ರೆಯನ್ನು ಎದುರಿನಿಂದ ತೆಗೆದ ಫೋಟೋದಲ್ಲಿ ನೋಡಿ ಪ್ರಯೋಜನವಿಲ್ಲ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆಯಲು ಹೇಳಿ. ಆಗ ಮುದ್ರೆಯ ಒಂದು ಬದಿಗೆ ತೆಳು ನೆರಳು ಬೀಳಬೇಕು. ಬೀಳದಿದ್ದರೆ ಅದು ಅಚ್ಚು ಹಾಕಿದ ಮುದ್ರೆಯ ಚಿತ್ರ ಅಷ್ಟೇ.

ಮೂರನೆಯದನ್ನು ಬಿಡಿ. 1925ರಲ್ಲಿ ಶಾನ್ಸೆಲಿಸೆ ಥಿಯೇಟರಿಗೆ ಕೊಲೆಂ ಮಾಡಿದ ಆ ಪೋಸ್ಟರ್ ಹೆಚ್ಚುಕಡಿಮೆ 160 × 120 ಸೆಂ.ಮೀ. ನೀವು ಹೇಳುವ ಗಾತ್ರ, ಬಿಳುಪು, ಬೆಲೆ ಮೂರೂ ಈಚಿನ ಮರುಮುದ್ರಣದ ಕಡೆಗೇ ಬೆರಳು ಮಾಡುತ್ತಿವೆ.

ಕಲ್ಲಚ್ಚು

ಎರಡನೆಯದೇ ಈ ಮೂರರಲ್ಲಿ ಸ್ವಾರಸ್ಯದ್ದು. ಕಲಾವಿದನ ಹೆಸರಿಲ್ಲ ಎಂದು ಜನ ದಾಟಿ ಹೋಗುತ್ತಾರೆ, ಆದರೆ ಸರ್ಕಸ್ ಪೋಸ್ಟರ್‌ಗಳಲ್ಲಿ ಹೆಸರಿಲ್ಲದಿರುವುದೇ ವಾಡಿಕೆ.

‘ಅಫಿಶ್ ಅಮೆರಿಕೇನ್’ ನೋಡಿ ಗಾಬರಿ ಬೇಡ. ಶಾರ್ಲ್ ಲೆವಿ ಪ್ಯಾರಿಸ್ ಮುದ್ರಕ, ಆ ಹೆಸರು ಅವನ ಕಾರ್ಖಾನೆಯ ಬೋರ್ಡು. ಚಿತ್ರಕಾರ ತುಲೂಸ್-ಲೊತ್ರೆಕ್‌ನ ಮೊದಲ ಪೋಸ್ಟರ್, 1891ರ ‘ಮೂಲೆಂ ರೂಜ್, ಲಾ ಗೂಲ್ಯು’, ಅಚ್ಚಾದದ್ದೂ ಇವನಲ್ಲೇ. ನಿಜವಾದ ಅಮೆರಿಕನ್ ಪೋಸ್ಟರ್‌ಗಳ ಕಥೆ ಬೇರೆ. ಅಮೆರಿಕದ ಬಾರ್ನಂ ಅಂಡ್ ಬೈಲಿ ಸರ್ಕಸ್ ಕಂಪನಿ 1901-02ರಲ್ಲಿ ಫ್ರಾನ್ಸ್ ಸುತ್ತಿದಾಗ ಅಂಟಿಸಿದ್ದು ಸಿನ್ಸಿನಾಟಿಯ ಸ್ಟ್ರೋಬ್ರಿಜ್ ಅಚ್ಚುಕೂಟದವು, ಅಕ್ಷರ ಮಾತ್ರ ಫ್ರೆಂಚ್. ಹಾಗೆಯೇ ಫ್ರೆಂಚ್ ಎಂದು ಮಾರಾಟವಾಗುವ ಎಷ್ಟೋ ಸರ್ಕಸ್ ಪೋಸ್ಟರ್‌ಗಳು ಹ್ಯಾಂಬರ್ಗ್‌ನ ಅಡಾಲ್ಫ್ ಫ್ರೀಡ್‌ಲೆಂಡರ್‌ನವು. ಅವನದಾದರೆ ಅಂಚಿನಲ್ಲಿ ಹೆಸರಿನ ಜೊತೆ ಕ್ರಮಸಂಖ್ಯೆ ಇರುತ್ತದೆ. ಕೆಳ ಅಂಚಿನ ಸಾಲು ಓದದೆ ಯಾವ ಪೋಸ್ಟರನ್ನೂ ಕೊಳ್ಳಬೇಡಿ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡುತ್ತಾರೆ, ಆ ಸಾಲಿನ ಹತ್ತಿರ ಬಂದಾಗ ಅವರಿಗೆ ಉದಾಸೀನ.

ಶೆರೆಯ ದೊಡ್ಡ ಪೋಸ್ಟರ್‌ಗಳಲ್ಲಿ ಈ ಸಾಲು ಕ್ಯಾಲೆಂಡರಿನಂತೆ ಕೆಲಸ ಮಾಡುತ್ತದೆ. ಅವನ ಸ್ವಂತ ಅಚ್ಚುಕೂಟವಿದ್ದಾಗ ‘ಜೆ. ಶೆರೆ, 18 ರ್ಯೂ ಬ್ರುನೆಲ್’. 1881ರಲ್ಲಿ ಶೇ ಕಂಪನಿಯೊಳಗೆ ಸೇರಿದ ಮೇಲೆ ಶೇ ಹೆಸರು ಮುಂದೆ ಬಂದು ಅವನದು ‘ಸ್ಯುಕ್ಯುರ್ಸಾಲ್ ಶೆರೆ’, ಅಂದರೆ ಶಾಖೆ, ಆಗುತ್ತದೆ. 1890ರ ಆಸುಪಾಸಿನಿಂದ ‘ಶೇ (ಅತೆಲಿಯೆ ಶೆರೆ), 20 ರ್ಯೂ ಬೆರ್ಜೇರ್’. 1893ರದ್ದೆಂದು ಹೇಳುವ ಪೋಸ್ಟರ್‌ನಲ್ಲಿ ರ್ಯೂ ಬ್ರುನೆಲ್ ಕಂಡರೆ ಯಾರೋ ತಪ್ಪು ಹೇಳುತ್ತಿದ್ದಾರೆ.

ಇನ್ನು ಖಾಲಿ ಪಟ್ಟಿ. ಅದು ಕೊರತೆಯಲ್ಲ. ಮುದ್ರಕರು ಕುದುರೆ ಸವಾರಿ, ಕೋಡಂಗಿ, ಹುಲಿ ಪಳಗಿಸುವವರ ಚಿತ್ರಗಳನ್ನು ಮೊದಲೇ ಅಚ್ಚು ಹಾಕಿಟ್ಟುಕೊಂಡು ಬೇಕಾದ ಕಂಪನಿಗೆ ಮಾರುತ್ತಿದ್ದರು. ಕೊಂಡ ಕಂಪನಿ ತನ್ನ ಹೆಸರು, ಊರು, ದಿನಾಂಕವನ್ನು ಆ ಜಾಗದಲ್ಲಿ ಮೊಳೆಯಚ್ಚಿನಿಂದ ಒತ್ತುತ್ತಿತ್ತು, ಇಲ್ಲವೇ ಬೇರೆ ಕಾಗದದ ಪಟ್ಟಿ ಅಂಟಿಸುತ್ತಿತ್ತು. ಖಾಲಿ ಉಳಿದಿದೆ ಅಂದರೆ ಮಾರಾಟವಾಗದೆ ಗೋದಾಮಿನಲ್ಲೇ ಉಳಿದ ಹಾಳೆ ಇರಬಹುದು. ಸಂಗ್ರಾಹಕರು ಬಯಸುವುದು ‘ಸಿರ್ಕ್ ದಿವೆರ್’, ‘ನೂವೋ ಸಿರ್ಕ್’, ‘ಇಪೊದ್ರೋಮ್’ ತರಹದ ಪ್ಯಾರಿಸ್ ಸರ್ಕಸ್ ಮಂದಿರಗಳ ಹೆಸರಿರುವ ಪ್ರತಿಯನ್ನು. ಆ ಕಾರಣಕ್ಕೇ ಖಾಲಿ ಪಟ್ಟಿಯಲ್ಲಿ ಆಮೇಲೆ ಹೆಸರು ತುಂಬುವ ಕೈಚಳಕವೂ ನಡೆಯುತ್ತದೆ. ಹೆಸರೇ ಕಾಲವನ್ನು ಹೇಳಿಬಿಡುವುದೂ ಉಂಟು: ಫೆರ್ನಾಂದೊ ಸರ್ಕಸ್ಸು ಮೆದ್ರಾನೊ ಆದದ್ದು 1897ರಲ್ಲಿ, ನೂವೋ ಸಿರ್ಕ್ ಬಾಗಿಲು ತೆರೆದದ್ದು 1886ರಲ್ಲಿ.

ಆದರೆ ಇಲ್ಲಿ ಒಂದು ತೊಡಕಿದೆ. ದುಂಡು ಮಸಿ ಮುದ್ರೆ ತೆರಿಗೆ ಮುದ್ರೆಯಾದರೆ ಖಾಲಿ ಪಟ್ಟಿ ಹೊಂದುವುದಿಲ್ಲ. ಫ್ರಾನ್ಸಿನಲ್ಲಿ ಹೊರಗೋಡೆಗೆ ಅಂಟಿಸುವ ಪೋಸ್ಟರಿಗೆ ಸ್ಟ್ಯಾಂಪ್ ಸುಂಕ ಇತ್ತು, ಹಾಳೆ ದೊಡ್ಡದಾದಷ್ಟೂ ಸುಂಕ ಹೆಚ್ಚು. ಒಳಗೆ ತೂಗುಹಾಕುವುದಕ್ಕೆ ಇರಲಿಲ್ಲ. ಹೆಸರೇ ಇಲ್ಲದ ಹಾಳೆಗೆ ಸುಂಕ ಕಟ್ಟುವವರು ಯಾರು? ಮೂರು ಸಾಧ್ಯತೆ: ಅಂಟಿಸಿದ್ದ ಹೆಸರಿನ ಪಟ್ಟಿ ತೊಳೆಯುವಾಗ ಕಳಚಿ ಹೋಗಿದೆ, ಅಥವಾ ಆ ಮುದ್ರೆ ಗ್ರಂಥಾಲಯದ್ದು, ಅಥವಾ ಚಂದಕ್ಕೆ ಆಮೇಲೆ ಒತ್ತಿದ್ದು. ಗ್ರಂಥಾಲಯದ್ದಾದರೆ ಹುಷಾರು. ಸಾರ್ವಜನಿಕ ಸಂಗ್ರಹದ ಮುದ್ರೆ ಇರುವ ಹಾಳೆಗೆ ಅದು ಅಲ್ಲಿಂದ ಕಾನೂನುಬದ್ಧವಾಗಿ ಹೊರಬಂತು ಎನ್ನುವ ಪತ್ರ ಬೇಕೇ ಬೇಕು. ಮುದ್ರೆಯ ಹತ್ತಿರದ ಫೋಟೋ ಕೇಳಿ, ಅದರೊಳಗಿನ ಅಕ್ಷರ ಓದಿ.

‘ವಾಡೆವಿಲ್’ (ಅಮೆರಿಕದಲ್ಲಿ ಹಾಡು, ಕುಣಿತ, ಕಸರತ್ತು ಬೆರೆತ ಪ್ರದರ್ಶನ) ಅನ್ನುವುದು ಅಮೆರಿಕದ ಗ್ರಾಹಕರಿಗಾಗಿ ಹಚ್ಚಿದ ಚೀಟಿ. ಫ್ರಾನ್ಸಿನಲ್ಲಿ ವೋದ್‌ವಿಲ್ ಅಂದರೆ ಹಾಡು ಬೆರೆಸಿದ ಹಗುರ ಹಾಸ್ಯ ನಾಟಕ. ನೀವು ಹುಡುಕುವ ಬಗೆಯವು ಅಲ್ಲಿನ ಹರಾಜು ಪಟ್ಟಿಗಳಲ್ಲಿ ‘ಕಫೆ-ಕಾನ್ಸೇರ್’, ‘ಮ್ಯೂಸಿಕ್-ಹಾಲ್’, ‘ಸಿರ್ಕ್’ ಅನ್ನುವ ತಲೆಬರಹಗಳ ಕೆಳಗೆ ಸಿಗುತ್ತವೆ. ಪ್ಯಾರಿಸ್‌ನ ಹರಾಜು ಮನೆ ದ್ರುವೋದ ಹರಾಜುಗಳನ್ನು ಈ ಪದಗಳಿಂದ ಹುಡುಕಿ ನೋಡಿ, ಕಾಣುವ ಲೋಕವೇ ಬೇರೆ.

ಗಂಜಿಬ್ರಷ್

ಬಟ್ಟೆಯ ಪ್ರಶ್ನೆಗೆ ಉತ್ತರ. ಬಟ್ಟೆಗೆ ಅಂಟಿಸಿರುವುದು ದೋಷವಲ್ಲ, ಹೇಗೆ ಅಂಟಿಸಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಈ ಪೋಸ್ಟರ್‌ಗಳನ್ನು ಒಂದೆರಡು ವಾರ ಗೋಡೆಯ ಮೇಲಿದ್ದರೆ ಸಾಕು ಎಂದು ಅಗ್ಗದ, ತೆಳ್ಳನೆಯ, ಮರದ ತಿರುಳಿನ ಕಾಗದದಲ್ಲಿ ಒತ್ತುತ್ತಿದ್ದರು. ಆ ಕಾಗದದಲ್ಲಿ ಮರದ ನಾರನ್ನು ಬಿಗಿದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುವುದರಿಂದ ಆಮ್ಲ ಹುಟ್ಟಿ, ಕಂದು ತಿರುಗಿ, ಮಡಿಸಿದಲ್ಲೇ ಮುರಿಯುತ್ತದೆ. ದೊಡ್ಡ ಹಾಳೆ ಆಧಾರವಿಲ್ಲದೆ ಉಳಿಯುವುದೇ ಕಷ್ಟ.

ಸರಿಯಾದ ಕ್ರಮ ಹೀಗೆ. ಮೊದಲು ಒಣ ಧೂಳು ತೆಗೆಯುವುದು. ಆಮೇಲೆ ಪ್ರತಿಯೊಂದು ಬಣ್ಣದ ಮೇಲೂ ಒಂದು ಹನಿ ನೀರಿಟ್ಟು, ನಿಮಿಷ ಬಿಟ್ಟು, ಬಿಳಿ ಒತ್ತುಕಾಗದ ಒತ್ತಿ ನೋಡುವುದು. ಲಿಥೋ ಮಸಿ ಎಣ್ಣೆಯದು, ಸಾಮಾನ್ಯವಾಗಿ ಜಗ್ಗುವುದಿಲ್ಲ. ಕೈಕೊಡುವುದು ರಬ್ಬರ್ ಮುದ್ರೆಯ ನೇರಳೆ ಮಸಿ, ಹಿಂದಿನವರು ಜಲವರ್ಣದಲ್ಲಿ ಮಾಡಿದ ತೇಪೆ. ಪರೀಕ್ಷೆ ಬಿಟ್ಟು ನೀರಿಗೆ ಹಾಕಿದರೆ ಆ ನೇರಳೆ ಬಣ್ಣ ಕುದುರೆಯ ಹೊಟ್ಟೆಯವರೆಗೂ ಹರಡಿರುತ್ತದೆ. ಪರೀಕ್ಷೆಯಲ್ಲಿ ಗೆದ್ದರೆ ತೊಳೆಯುವುದು, ಕೊನೆಯ ನೀರಿಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ ಆಮ್ಲ ತಗ್ಗಿಸುವುದು. ಮರದ ಚೌಕಟ್ಟಿಗೆ ತೊಳೆದ ಹತ್ತಿ ಕ್ಯಾನ್ವಾಸ್ ಬಿಗಿದು, ಅದರ ಮೇಲೆ ಆಮ್ಲರಹಿತ ತಡೆಕಾಗದ, ಅದರ ಮೇಲೆ ಪೋಸ್ಟರ್. ಅಂಟು ಗೋಧಿ ಪಿಷ್ಟದ ಗಂಜಿ: 1 ಪಾಲು ಪಿಷ್ಟಕ್ಕೆ 5 ಪಾಲು ನೀರು, ಕೈಬಿಡದೆ ಕಲಕುತ್ತ ಅರ್ಧ ಗಂಟೆ ಬೇಯಿಸಿ, ಆರಿದ ಮೇಲೆ ಸೋಸಿ, ಕೆನೆಯಷ್ಟು ತೆಳುವಾಗುವವರೆಗೆ ನೀರು. ಬೇಗ ಒಣಗದೆ ಸರಿಸಾಡಲು ಸಮಯ ಸಿಗಲಿ ಎಂದು ಮಿಥೈಲ್ ಸೆಲ್ಯುಲೋಸ್ ಬೆರೆಸುವವರೂ ಇದ್ದಾರೆ. ಸೋಸದಿದ್ದರೆ ಗಂಟು ನಿಂತು, ಒಣಗಿದ ಮೇಲೆ ಓರೆ ಬೆಳಕಿನಲ್ಲಿ ಮೊಡವೆಯಂತೆ ಕಾಣುತ್ತದೆ. ಚೌಕಟ್ಟಿನ ಮೇಲೇ ನಾಲ್ಕೈದು ದಿನ ಒಣಗಬೇಕು. ಅವಸರಕ್ಕೆ ಫ್ಯಾನ್ ಹಾಕಿದರೆ ಅಂಚು ಮೊದಲು ಒಣಗಿ ನಡುವೆ ಎಳೆತ ಬಿದ್ದು ಹಳೆಯ ಮಡಿಕೆಯಲ್ಲೇ ಬಿರಿಯುತ್ತದೆ.

ಎರಡು-ಮೂರು ಹಾಳೆ ಜೋಡಿಸಿದ ಪೋಸ್ಟರ್‌ಗಳಲ್ಲಿ ಮತ್ತೊಂದು ಪೇಚು. ಒದ್ದೆ ಕಾಗದ ಹಿಗ್ಗುತ್ತದೆ, ನಾರಿಗೆ ಅಡ್ಡಲಾಗಿ ಹೆಚ್ಚು. ಒಂದು ಹಾಳೆ ಪೂರ್ತಿ ನೆನೆದು ಇನ್ನೊಂದು ಅರೆನೆನೆದಿದ್ದರೆ ಕೂಡುಗೆರೆಯಲ್ಲಿ ಕುದುರೆಯ ಕಾಲು ಕೆಲವು ಮಿಲಿಮೀಟರು ಆಚೀಚೆ ಸರಿದಿರುತ್ತದೆ. ಎಲ್ಲ ಹಾಳೆಯನ್ನೂ ಸಮನಾಗಿ ನೆನೆಸಬೇಕು. ಮೇಲೆ ಹೇಳಿದ ಲೊತ್ರೆಕ್‌ನ ಲಾ ಗೂಲ್ಯು ಇಂಥದ್ದೇ, ಮೂರು ಹಾಳೆಯ ಪೋಸ್ಟರ್. ಪೂರ್ತಿ ಇದ್ದರೆ ಎತ್ತರ 190 ಸೆಂ.ಮೀ. ದಾಟುತ್ತದೆ, ಆದರೆ ಮೇಲಿನ ಅಕ್ಷರದ ಪಟ್ಟಿಯೇ ಇಲ್ಲದ ಪ್ರತಿಗಳು ಬಹಳ.

ನಿಮ್ಮ ಸರ್ಕಸ್ ಪೋಸ್ಟರಿಗೆ ಕೇಳಬೇಕಾದ್ದು ಇಷ್ಟು: ಕ್ಯಾನ್ವಾಸ್ ಮತ್ತು ಪೋಸ್ಟರ್ ನಡುವೆ ತಡೆಕಾಗದ ಇದೆಯಾ, ಅಂಟು ನೀರಿಗೆ ಬಿಡುತ್ತದೆಯಾ, ಎಲ್ಲೆಲ್ಲಿ ಬಣ್ಣ ತುಂಬಿದ್ದಾರೆ. ಶಾಖದಿಂದ ಅಂಟಿಸುವ ಹಾಳೆ ಬಳಸಿದ್ದರೆ, ಲ್ಯಾಮಿನೇಟ್ ಮಾಡಿದ್ದರೆ ಕೈ ಹಾಕಬೇಡಿ. ಬಿಡಿಸುವ ಖರ್ಚು ಪೋಸ್ಟರಿಗಿಂತ ಹೆಚ್ಚಾದೀತು. ಮಡಿಕೆ ಗೆರೆಗಳಿಗೆ ಹೆದರಬೇಕಿಲ್ಲ, ಆ ಕಾಲದಲ್ಲಿ ಮಡಿಸಿಯೇ ಕಳಿಸುತ್ತಿದ್ದರು. ಮಡಿಕೆಯೇ ಇಲ್ಲದಂತೆ ನುಣುಪಾಗಿದ್ದರೆ ಅಲ್ಲಿ ಎಷ್ಟು ಬಣ್ಣ ಬಳಿದಿದ್ದಾರೆ ಎಂದು ಯೋಚಿಸಬೇಕು.

ಹಳೆಹಾಳೆ

ಎಲ್ಲರಿಗೂ ಧನ್ಯವಾದ. ಮುದ್ರೆಯ ಹತ್ತಿರದ ಫೋಟೋ ಬಂತು. ಒಳಗಿನ ಅಕ್ಷರ ‘ತಾಂಬ್ರ್’ ಎಂದು ಶುರುವಾಗುತ್ತದೆ, ಕೆಳಗೆ ಸೆಂಟೀಮ್ (ಫ್ರಾಂಕಿನ ಚಿಲ್ಲರೆ) ಲೆಕ್ಕ. ಖಾಲಿ ಪಟ್ಟಿಯಲ್ಲಿ ಕಾಗದ ಉಳಿದ ಕಡೆಗಿಂತ ತಿಳಿಯಾಗಿದೆ, ಆಯತಾಕಾರದ ಗಡಿ ಸಣ್ಣಗೆ ಕಾಣುತ್ತದೆ. ‘ಕಂಡಿಷನ್ ಎ’ ಎಂದು ಹೇಳುತ್ತಿದ್ದಾರೆ. ಭೂತಗನ್ನಡಿಯಲ್ಲಿ ಏನು ನೋಡಬೇಕು? ಹಣ ಕೊಡುವ ಮುನ್ನ ಪ್ಯಾರಿಸ್‌ನಲ್ಲಿರುವ ಪರಿಚಯದವರೊಬ್ಬರು ಹೋಗಿ ನೋಡಬಲ್ಲರು.

ಕಲ್ಲಚ್ಚು

ಹಾಗಾದರೆ ಅದು ತೆರಿಗೆ ಮುದ್ರೆಯೇ, ‘ತಾಂಬ್ರ್’ ಅಂದರೆ ಸ್ಟ್ಯಾಂಪು. ತಿಳಿ ಆಯತ ಉಳಿದದ್ದನ್ನು ಹೇಳುತ್ತಿದೆ: ಅಲ್ಲಿ ಹೆಸರಿನ ಪಟ್ಟಿ ಅಂಟಿತ್ತು, ಅದರಡಿಯ ಕಾಗದಕ್ಕೆ ಬೆಳಕು ತಾಗಿಲ್ಲ. ಪಟ್ಟಿ ಹೋಗಿರುವುದು ನಷ್ಟ, ಆದರೆ ಹಾಳೆ ಹಳೆಯದೆನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ.

10 ಪಟ್ಟು ಭೂತಗನ್ನಡಿ ಸಾಕು. ಕೋಡಂಗಿಯ ಕೆನ್ನೆ, ಕುದುರೆಯ ನೆರಳು, ಹೀಗೆ ಬಣ್ಣ ತೆಳುವಾಗಿ ಕರಗುವ ಜಾಗ ನೋಡಲು ಹೇಳಿ, ಗಾಢ ಕೆಂಪು ನೋಡಿ ಏನೂ ತಿಳಿಯುವುದಿಲ್ಲ. ಕಲ್ಲಚ್ಚಾದರೆ ಅಲ್ಲಿ ಮೇಣದ ಬಳಪದ ಒರಟು ಕಣ, ಅಥವಾ ಬ್ರಷ್‌ನಿಂದ ಎರಚಿದ ಚುಕ್ಕಿಗಳು ಕಾಣುತ್ತವೆ. ಒಂದು ಚುಕ್ಕಿ ಇನ್ನೊಂದರಂತೆ ಇರುವುದಿಲ್ಲ, ಕೆಲವು ಒಂದರ ಮೇಲೊಂದು ಕೂತು ಬೀಜದಾಕಾರ ಆಗಿರುತ್ತವೆ. ಇತ್ತೀಚಿನ ಆಫ್‌ಸೆಟ್ (ಫೋಟೋದಿಂದ ಯಂತ್ರದಲ್ಲಿ ಒತ್ತುವ ಅಚ್ಚು) ಆದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಸಾಲು ಹಿಡಿದು ಪುಟ್ಟ ಹೂವಿನಂತೆ ಸುತ್ತು ಕಟ್ಟಿರುತ್ತವೆ, ಹಾಳೆಯ ಯಾವ ಮೂಲೆಗೆ ಹೋದರೂ ಅದೇ ಹೂವು. ಒಂದು ಎಚ್ಚರಿಕೆ: ಸಾಲು ಹಿಡಿದ ಚುಕ್ಕಿ ಕಂಡ ಕೂಡಲೇ ನಕಲಿ ಎನ್ನಬೇಡಿ. ಆ ಕಾಲದಲ್ಲೇ ಯಾಂತ್ರಿಕ ಚುಕ್ಕಿ ಹಾಳೆಗಳನ್ನು ಕಲ್ಲಿಗೆ ಒತ್ತುವುದೂ ಇತ್ತು. ವ್ಯತ್ಯಾಸ ಏನೆಂದರೆ ಅವು ಒಂದೊಂದೇ ಬಣ್ಣದಲ್ಲಿ, ಚಿತ್ರದ ಕೆಲವೇ ಭಾಗದಲ್ಲಿ ಇರುತ್ತವೆ.

ಅಂಚಿನ ಕೂಡಿಸುಗುರುತು, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲೆಂದು ಹಾಕಿದ ಗುರುತು, ನೋಡಲಿ. ಬಣ್ಣಕ್ಕೊಂದು ಕಲ್ಲು. ಕಲ್ಲುಗಳು ಕೂದಲೆಳೆ ತಪ್ಪಿದರೂ ಹುಡುಗಿಯ ತುಟಿಯ ಕೆಂಪು ಗೆರೆಯಾಚೆ ಇಣುಕುತ್ತದೆ. ಆ ಇಣುಕನ್ನು ದೋಷ ಎಂದು ಎಣಿಸಬಾರದು.

‘ಮೂಲ ಕಲ್ಲಿನಿಂದ ಮರುಮುದ್ರಣ’ ಎಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ. ಅಚ್ಚು ಮುಗಿದ ಮೇಲೆ ಕಲ್ಲನ್ನು ಉಜ್ಜಿ ಮುಂದಿನ ಚಿತ್ರಕ್ಕೆ ಬಳಸುವುದೇ ರೂಢಿಯಾಗಿತ್ತು.

ಅಂಚುಗೆರೆ

ಪರಿಚಯದವರು ಹೋಗುವಾಗ ಜೇಬಿನಲ್ಲಿ ನೇರಳಾತೀತ ಟಾರ್ಚ್ ಇಟ್ಟುಕೊಳ್ಳಲಿ. ಕತ್ತಲೆ ಮಾಡಿ ಅಂಚಿಗೆ ಬಿಡಬೇಕು. 1950ರ ನಂತರದ ಕಾಗದಗಳಲ್ಲಿ ಬಿಳುಪಿಗಾಗಿ ಬೆರೆಸುವ ರಾಸಾಯನಿಕ ನೀಲಿಬಿಳಿಯಾಗಿ ಹೊಳೆಯುತ್ತದೆ, ಹಳೆಯ ಕಾಗದ ಮಂಕಾಗೇ ಉಳಿಯುತ್ತದೆ. ಆದರೆ ಬಟ್ಟೆ ಅಂಟಿಸಿದ ಪೋಸ್ಟರಿನಲ್ಲಿ ಕ್ಯಾನ್ವಾಸೂ ತಡೆಕಾಗದವೂ ಹೊಸವು, ಅವು ಹೊಳೆದರೆ ಬೆಚ್ಚುವುದು ಬೇಡ. ಪೋಸ್ಟರಿನದೇ ಕಾಗದ ನೋಡಬೇಕು. ಚಿತ್ರದ ನಡುವೆ ತೇಪೆ ಹಾಕಿದ ಜಾಗಗಳೂ ಬೇರೆಯಾಗಿ ಕಾಣಬಹುದು, ಆದ್ದರಿಂದ ಎಷ್ಟು ರಿಪೇರಿಯಾಗಿದೆ ಎಂಬ ನಕ್ಷೆಯೂ ಬಿಟ್ಟಿಯಾಗಿ ಸಿಕ್ಕಂತೆ.

‘ಕಂಡಿಷನ್ ಎ’ ಒಪ್ಪಲಾಗದು. ಈ ಶ್ರೇಣಿಯಲ್ಲಿ ಎ ಅಂದರೆ ಬಣ್ಣ ತಾಜಾ, ಕಾಗದ ಎಲ್ಲೂ ಹೋಗಿಲ್ಲ. ಬಿ ಅಂದರೆ ಸ್ವಲ್ಪ ಕಾಗದ ಹೋಗಿರಬಹುದು, ಆದರೆ ಚಿತ್ರದ ಮುಖ್ಯ ಭಾಗದಲ್ಲಲ್ಲ. ಸಿ ಅಂದರೆ ಮಾಸಿದ ಬಣ್ಣ, ಎದ್ದು ಕಾಣುವ ರಿಪೇರಿ. ಹೆಸರಿನ ಪಟ್ಟಿ ಕಳೆದುಕೊಂಡು, ಕಾಗದ ಕಂದಿರುವ ಹಾಳೆ ಬಿ ಆದರೆ ಹೆಚ್ಚು. ಬೆಲೆ ಮಾತಾಡುವಾಗ ಆ ತಿಳಿ ಆಯತವನ್ನೇ ತೋರಿಸಿ. ಅವರ ವಿವರಣೆಯಲ್ಲಿ ಅದರ ಸುದ್ದಿಯೇ ಇಲ್ಲವಲ್ಲ.

ಗಂಜಿಬ್ರಷ್

ಕೊಂಡರೆ ಬಟ್ಟೆ ಸಮೇತ ಸುತ್ತಿ ಕಳಿಸಲು ಹೇಳಿ, ಕೊಳವೆಯ ವ್ಯಾಸ 15 ಸೆಂ.ಮೀ.ಗಿಂತ ಕಡಿಮೆ ಬೇಡ. ಸಣ್ಣ ಕೊಳವೆಯಲ್ಲಿ ಬಿಗಿಯಾಗಿ ಸುತ್ತಿದರೆ ತೇಪೆಗಳು ಎದ್ದು ಬರುತ್ತವೆ. ಮಡಿಸಿದರಂತೂ ಮುಗಿಯಿತು. ಚೌಕಟ್ಟಿಗೆ ಈ ಗಾತ್ರದಲ್ಲಿ ಗಾಜಿನ ಬದಲು ನೇರಳಾತೀತ ತಡೆಯುವ ಅಕ್ರಿಲಿಕ್. ಪೋಸ್ಟರ್ ಅದಕ್ಕೆ ತಾಗದಂತೆ ನಡುವೆ ಅಂಚುಪಟ್ಟಿ ಕೊಡಿಸಿ, ತಾಗಿದಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಮೀರದಿದ್ದರೆ ಒಳ್ಳೆಯದು. ಮೊದಲು ಹಾರುವುದು ಗುಲಾಬಿ ಮತ್ತು ಹಳದಿ, ಆಮೇಲೆ ಕೋಡಂಗಿಯ ಕೆನ್ನೆ ನೀಲಿಗಟ್ಟಿ ಕಾಯಿಲೆ ಬಿದ್ದವನಂತೆ ಕಾಣುತ್ತದೆ.

ಹೆಸರಿನ ಪಟ್ಟಿಯನ್ನು ಹೊಸದಾಗಿ ಮಾಡಿಸಿ ಅಂಟಿಸುವ ಆಸೆ ಬಂದರೆ ತಡೆದುಕೊಳ್ಳಿ. ಖಾಲಿ ಇದ್ದರೆ ಖಾಲಿ ಎಂದೇ ಮಾರಬಹುದು.